ಸೋಮವಾರದ ಸವಾರಿ

ಆ ಮನೆಯಲ್ಲಿ ಮಹಾದೇವಕ್ಕನ ಪಾಲಿಗಿದ್ದ ಕೆಲಸಗಳಲ್ಲಿ ಎಲ್ಲಕ್ಕಿಂತ ಬೇಸರದ್ದು ಎಂದರೆ ಮಾತು ಹೊರುವುದು. ನೀರು ಹೊತ್ತರೆ, ಹುಲ್ಲು ಹೊತ್ತರೆ, ಇಳಿಸಿದ ಮೇಲೆ ಮುಗಿಯಿತು. ಗಂಡನ ಮಾತನ್ನು ಮಗನಿಗೂ ಮಗನ ಮಾತನ್ನು ಗಂಡನಿಗೂ ಹೊರುವುದು ಹಾಗಲ್ಲ. ಒಂದನ್ನು ಇಳಿಸುವುದರೊಳಗೆ ಇನ್ನೊಂದು ತಲೆಗೇರುತ್ತಿತ್ತು. ಅದೂ ಇಬ್ಬರೂ ಒಂದೇ ಪಡಸಾಲೆಯಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಊಟಕ್ಕೆ ಕೂತಿರುವಾಗ.

"ನಿನ್ನ ಮಗಗ ಹೇಳು, ರೊಟ್ಟಿ ಆರಾಕತ್ತಾವು ಅಂತ" ಎನ್ನುವನು ಶಿವಲಿಂಗಪ್ಪ, ಗೋಡೆಯನ್ನು ನೋಡುತ್ತ.

"ಅಪ್ಪಗ ಹೇಳವ್ವಾ, ನಂದಿನ್ನೂ ಕೈ ತೊಳಿಯೂದು ಐತಿ ಅಂತ" ಎನ್ನುವನು ಉಳವಪ್ಪ, ಕಂಬವನ್ನು ನೋಡುತ್ತ.

ಮಹಾದೇವಕ್ಕ ಇಬ್ಬರಿಗೂ ಇನ್ನೊಮ್ಮೆ ಹೇಳಬೇಕು. ಹೇಳದಿದ್ದರೆ ಇಬ್ಬರೂ ಕಿವಿಯೇ ಇಲ್ಲದವರ ಹಾಗೆ ಕೂತುಬಿಡುತ್ತಿದ್ದರು. ಒಂದು ಹಠ ಎರಡು ಮೈಯಲ್ಲಿ ಹುಟ್ಟಿತ್ತು, ಇನ್ನೇನು.

ಇದು ಶುರುವಾದದ್ದು ಆಚೆ ವರ್ಷದ ಬಿತ್ತಿಗೆಯ ಕಾಲಕ್ಕೆ. ಹಳಿಯಾಳದಿಂದ ಎರಡು ಹರದಾರಿ ದೂರದ ಆ ಊರಲ್ಲಿ ಶಿವಲಿಂಗಪ್ಪನದು ಕಬ್ಬು, ಭತ್ತ ಬೆಳೆದು ಉಂಡುಟ್ಟು ಇರುವ ಮನೆ. ಹಿರಿಯ ಮಗ ಕರಿಬಸಪ್ಪ ಅಪ್ಪನ ಜೊತೆ ಹೊಲ ನೋಡಿಕೊಂಡಿದ್ದ. ಕಿರಿಯವ ಉಳವಪ್ಪ ಹಳಿಯಾಳದಲ್ಲಿ ಇಂಗ್ಲಿಷ್ ಶಾಲೆ ಕಲಿತವ. ದಾಂಡೇಲಿಯಲ್ಲಿ ಹೊಸ ಹೊಸ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಅಲ್ಲೊಂದರಲ್ಲಿ ಕಾರಕೂನಿಕೆ ಸಿಕ್ಕಿತೆಂದು, ಅಪ್ಪನಿಗೆ ಹೇಳದೆ, ಅವ್ವನಿಗೆ ಅರ್ಧ ಹೇಳಿ, ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿಬಿಟ್ಟ. ಶಿವಲಿಂಗಪ್ಪನಿಗೆ ಸುದ್ದಿ ಗೊತ್ತಾದದ್ದು ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ, ಮಂದಿಯ ಬಾಯಿಂದ. ಮಗ ಹೋದದ್ದಕ್ಕಿಂತ ಹೇಳದೆ ಹೋದದ್ದು ಅವನ ಕರುಳಿಗೆ ನೆಟ್ಟಿತು.

"ಹೇಳಿದ್ರ ಬ್ಯಾಡ ಅಂತಿದ್ದ" ಎಂದು ಉಳವಪ್ಪ ಆಮೇಲೆ ಅವ್ವನ ಮುಂದೆ ಅಂದಿದ್ದ.

"ಬ್ಯಾಡ ಅಂತಿದ್ದೆ. ಹೊಲದ ತನಕ ಸಿಟ್ಟಿಲೆ ಹೋಗಿ, ತಿರುಗಿ ಬಂದು, ಹೋಗಪಾ ಅಂತಿದ್ದೆ. ಅಷ್ಟು ಪುರಸತ್ತು ಕೊಡಲಿಲ್ಲ ನಿನ್ನ ಮಗ" ಎಂದಿದ್ದ ಶಿವಲಿಂಗಪ್ಪ. ಅಂದಿನಿಂದ ಉಳವಪ್ಪ 'ನಿನ್ನ ಮಗ' ಆದ. ರವಿವಾರ ರವಿವಾರ ಊರಿಗೆ ಬರುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ. ಅಪ್ಪ ಮಗನ ನಡುವೆ ನೇರವಾಗಿ ಒಂದು ಮಾತೂ ಆಗುತ್ತಿರಲಿಲ್ಲ.

ಹೊಸ ವರ್ಷದ ಮೊದಲ ರವಿವಾರ ಬಂದವನು ಮುಖ ಅರಳಿಸಿಕೊಂಡೇ ಬಂದ. ಅದು ೧೯೫೯ನೆಯ ಇಸವಿ.

"ಅವ್ವಾ, ನಮ್ಮ ಸಾಹೇಬ್ರು ನಮ್ಮನಿಗೆ ಬರೋರದಾರ. ಸಾಹೇಬ್ರ ಹೆಂಡ್ತಿ ಬಾಯಿಯವರು, ಅವರ ಎರಡು ಹುಡುಗ್ರು, ಇನ್ನೊಬ್ಬ ಅಧಿಕಾರಿ ಗಂಡ ಹೆಂಡ್ತಿ. ಮುಂಬೈದಾಗ ಬೆಳದ ಹುಡುಗ್ರು, ಹಳ್ಳಿ ಅಂದ್ರ ಏನಂತ ಕಂಡಿಲ್ಲ. ಮುಂಜಾನೆ ಕುಳಗಿ ಬಿಡಾರದಾಗ ಆನಿ ನೋಡೂದು, ಆಮ್ಯಾಲೆ ಹಳಿಯಾಳದ ಕ್ವಾಟಿ, ಮಧ್ಯಾಹ್ನ ನಮ್ಮ ಮನ್ಯಾಗ ಊಟ. ಊಟ ಆದ ಮ್ಯಾಲೆ ಕಬ್ಬಿನ ಗಾಣ, ಚಕ್ಕಡಿ ಸವಾರಿ. ಎಲ್ಲಾ ತೋರಸಾಂವ ನಾನ."

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಮುದುಕಿ ಹೊಳೆವ್ವ, ಶಿವಲಿಂಗಪ್ಪನ ತಾಯಿ, ಕುಟ್ಟುವುದನ್ನು ನಿಲ್ಲಿಸಿದಳು. "ಇಲ್ಲೆ ಏನ್ ನೋಡ್ತಾರಂತೋ?"

"ನಮ್ಮನ್ನ, ಆಯಿ."

"ನಮ್ಮನ್ನ? ನನ್ನ ಬಾಯಾಗ ಹಲ್ಲಿಲ್ಲ. ಅದನ್ನ ನೋಡಾಕ ಮೋಟಾರು ಮಾಡ್ಕೊಂಡು ಬರ್ತಾರನು?"

ಕರಿಬಸಪ್ಪನ ಹೆಂಡತಿ ಈರಕ್ಕ ಒಲೆಯ ಮುಂದೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಉಳವಪ್ಪನೂ ನಕ್ಕ. ಆಮೇಲೆ ಕಂಬದ ಕಡೆ ತಿರುಗಿ, "ಅವ್ವಾ, ಅಪ್ಪಗ ಕೇಳು, ಚಕ್ಕಡಿ ಹೂಡ್ತಾನೇನಂತ" ಎಂದ.

ಶಿವಲಿಂಗಪ್ಪ ರೊಟ್ಟಿ ಮುರಿಯುತ್ತ, "ನಿನ್ನ ಮಗಗ ಕೇಳು, ಚಕ್ಕಡಿ ಹೂಡೂದು ಮರ್ತಾನೇನಂತ" ಎಂದ.

"ಅಪ್ಪಗ ಹೇಳು, ಸಾರಂಗ ಮೈಲಾರಿ ಎರಡೂ ಎತ್ತು ಅವನ ಮಾತಷ್ಟ ಕೇಳ್ತಾವು. ನಾ ಹೂಡಿದ್ರ ಸಾಹೇಬ್ರನ್ನ ಹಳ್ಳಕ್ಕ ಒಗೀತಾವು."

ಶಿವಲಿಂಗಪ್ಪ ಇನ್ನೊಂದು ರೊಟ್ಟಿ ಬೇಡಿದ. ಅವನಿಗೆ ಒಪ್ಪಿಗೆ ಇಲ್ಲದಿದ್ದರೆ ತಾಟು ಸರಿಸಿ ಏಳುತ್ತಿದ್ದ ಎಂಬುದು ಅವನ ಜೊತೆ ಇಷ್ಟು ವರ್ಷ ಬಾಳಿದ ಮಹಾದೇವಕ್ಕನಿಗೆ ಗೊತ್ತಿಲ್ಲದ್ದಲ್ಲ. ಅವಳ ಜೀವ ಹಗುರಾಯಿತು. ಮಗ ಅಪ್ಪನ ಎತ್ತುಗಳನ್ನು ಬೇಡಿದ್ದಾನೆ, ಅಪ್ಪ ಒಲ್ಲೆ ಎಂದಿಲ್ಲ. ಆ ಒಂದು ದಿನ ಚೆಂದಾಗಿ ಕಳೆದರೆ ಇವರಿಬ್ಬರ ಬಾಯಿಯ ಬೀಗ ತೆರೆದೀತು, ತನ್ನ ತಲೆಯ ಮೇಲಿನ ಹೊರೆ ಇಳಿದೀತು. ಸಾಹೇಬರು ಆನೆ ನೋಡಲಿ, ಕೋಟೆ ನೋಡಲಿ. ಮಹಾದೇವಕ್ಕನಿಗೆ ಬೇಕಾದದ್ದು ಅದೊಂದೇ ಆಗಿತ್ತು.

ಅವತ್ತಿನಿಂದ ಮನೆಗೆ ಮದುವೆಯ ಕಳೆ ಬಂತು. ಅತ್ತೆ ಸೊಸೆ ಗೋಡೆಗೆ ಸುಣ್ಣ ಬಳಿದರು, ಅಂಗಳ ಅಗೆದು ಬಡಿದು ಸಾರಿಸಿದರು. ಕರಿಬಸಪ್ಪನನ್ನು ಕೊಟ್ಟಿಗೆಯ ಜೇಡರ ಬಲೆ ತೆಗೆಯಲು ಹಚ್ಚಿದರೆ ಅವನು ಹೆಂಡತಿಯ ಮೇಲೆ ರೇಗಿದ: "ಸಾಹೇಬ್ರು ಕೊಟ್ಟಿಗ್ಯಾಗ ಮಲಗ್ತಾರನು?" ಈರಕ್ಕ ಬಿಡಲಿಲ್ಲ: "ನೀವು ದಿನಾ ಅಲ್ಲೇ ಮಲಗ್ತೀರಿ, ಒಂದಿನಾನೂ ಜಾಡಿಸಿಲ್ಲ. ಮಂದಿ ಬರೂ ನೆವದಾಗಾದ್ರೂ ಜಾಡಸ್ರಿ."

ಮಹಾದೇವಕ್ಕ ಶಾಲೆಯ ಶೇಖಪ್ಪ ಮಾಸ್ತರರ ಮನೆಯಿಂದ ಮರದ ಕುರ್ಚಿಗಳನ್ನೂ ಒಂದು ಮೇಜನ್ನೂ ತರಿಸಿದಳು. ಅಂಗಡಿಯ ಗೋದುಬಾಯಿ ತನ್ನ ಮಗಳ ಮದುವೆಗೆಂದು ಎತ್ತಿಟ್ಟಿದ್ದ ಹೂವಿನ ಚಿತ್ರದ ಚಹದ ಕಪ್ಪು ಬಸಿ ಕೊಟ್ಟಳು. ಪಡಸಾಲೆಯಲ್ಲಿ ಅವನ್ನೆಲ್ಲ ಜೋಡಿಸಿ ಮಹಾದೇವಕ್ಕ ದೂರ ನಿಂತು ನೋಡಿ, ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿ, ಹಿಗ್ಗಿದಳು.

ಮುಂದಿನ ರವಿವಾರ ಬಂದ ಉಳವಪ್ಪ ಹೊಸಲಲ್ಲೇ ನಿಂತುಬಿಟ್ಟ.

"ಇದೇನವ್ವಾ, ಕುರ್ಚಿ?"

"ಮತ್ತ, ಸಾಹೇಬ್ರನ್ನ ನೆಲದ ಮ್ಯಾಲೆ ಕುಂದ್ರಸ್ತಾರೇನ?"

"ನೆಲದ ಮ್ಯಾಲೇ ಕುಂದ್ರಬೇಕು. ಅವರ ಬಂಗಲೇದಾಗ ಇಂಥಾ ಕುರ್ಚಿ ಬೇಕಾದಷ್ಟು ಅದಾವು. ಅವರು ಕಂಬಳಿ, ಬೀಸೂ ಕಲ್ಲು, ಮಜ್ಜಿಗಿ ಕಡೆಯೂದು ನೋಡಾಕ ಬರೋರು. ಕಪ್ಪು ಬಸೀನೂ ಬ್ಯಾಡ. ಮಣ್ಣಿನ ಗಡಿಗಿ ಅಟ್ಟದ ಮ್ಯಾಲೆ ಅದಾವಲ್ಲ, ಅವನ್ನ ಇಳಸ್ರಿ. ವೈನೀ, ನೀವು ಹಳೀ ಇಳಕಲ್ಲ ಸೀರಿ ಉಡ್ರಿ."

"ಹಳೀದು ಹರದೈತಿ" ಎಂದಳು ಈರಕ್ಕ. "ಸಂಕ್ರಾಂತಿಗೆ ತಂದ ಹೊಸಾದು ಐತಿ, ಅದನ್ನ ಉಡಬಾರದನು?"

"ಹೊಸಾದು ಪೇಟೀದ್ದು ವೈನಿ. ಅದನ್ನ ದಾಂಡೇಲ್ಯಾಗೂ ಉಡ್ತಾರ."

ಮಹಾದೇವಕ್ಕನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆ ಅಳುವೂ ಬಂತು. "ಅಲ್ಲೋ, ನಮ್ಮಲ್ಲಿ ಇದ್ದ ಒಳ್ಳೇದೆಲ್ಲಾ ಅಟ್ಟಕ್ಕ ಹಾಕಿ, ಹರಕು ಮುರುಕು ಕೆಳಗ ಇಳಿಸಿ, ನೋಡ್ರಿ ನಾವು ಹಿಂಗದೇವಿ ಅಂತ ತೋರಸೂದನು? ಮನಿಗೆ ಬಂದೋರಿಗೆ ಇದ್ದದ್ರಾಗ ಛಲೋದ್ದು ಕೊಡೂದು ನನಗ ಗೊತ್ತು. ಇದು ಯಾವ ಪದ್ಧತಿ?"

"ಅವ್ವಾ, ನಿನಗ ತಿಳಿಯೂದಿಲ್ಲ."

ಗೋಡೆಯ ಕಡೆಯಿಂದ ಶಿವಲಿಂಗಪ್ಪನ ದನಿ ಬಂತು. "ನಿನ್ನ ಮಗಗ ಹೇಳು, ಅವ್ವಗ ತಿಳಿಯೂದಿಲ್ಲ ಅಂತ ಅನ್ನೂವಷ್ಟು ದೊಡ್ಡಾಂವ ಆಗಿಲ್ಲಂತ. ಕುರ್ಚಿ ಅಲ್ಲೇ ಇರಲಿ."

ಕಡೆಗೆ ರಾಜಿಯಾಯಿತು: ಕುರ್ಚಿಗಳೂ ಇರಲಿ, ಕಂಬಳಿಯೂ ಇರಲಿ, ಕೂರುವವರು ಬೇಕಾದಲ್ಲಿ ಕೂರಲಿ. ಮಣ್ಣಿನ ಗಡಿಗೆಗಳು ಅಟ್ಟದಿಂದ ಇಳಿದವು, ಕಪ್ಪು ಬಸಿ ಮೇಜಿನ ಮೇಲೆಯೇ ಉಳಿಯಿತು. ಸೀರೆಯ ವಿಷಯದಲ್ಲಿ ಮಾತ್ರ ಈರಕ್ಕ ಯಾರ ಮಾತನ್ನೂ ಕೇಳುವವಳಾಗಿರಲಿಲ್ಲ.

ಆ ಎರಡು ವಾರವೂ ಶಿವಲಿಂಗಪ್ಪ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ತಿರುಗಾಡಿಕೊಂಡಿದ್ದ. ಆದರೆ ಕರಿಬಸಪ್ಪ ಬಂದು ಅವ್ವನ ಕಿವಿಯಲ್ಲಿ ಹೇಳಿದ: "ಅಪ್ಪ ಗಾಲಿಗೆ ಎಣ್ಣಿ ಬಿಡಾಕತ್ತಾನ. ಹೋದ ವರ್ಷ ಮುರದ ಹಲಿಗಿ ಬದಲ್ ಮಾಡಿಸ್ಯಾನ. ನಾ ಕೇಳಿದ್ರ, ಕಬ್ಬು ಹೇರಾಕ ಬೇಕು ಅಂತಾನ."

"ಕಬ್ಬು ಹೇರೂ ಚಕ್ಕಡಿಗೆ ಜಮಖಾನಿ ಯಾಕ ಬೇಕಂತ?" ಎಂದಳು ಮಹಾದೇವಕ್ಕ. ಅಂದು ಮುಂಜಾನೆಯೇ ಅವನು ಪೆಟ್ಟಿಗೆಯಿಂದ ಜಮಖಾನೆ ತೆಗೆದು ಬಿಸಿಲಿಗೆ ಹಾಕಿದ್ದನ್ನು ಅವಳು ನೋಡಿದ್ದಳು. ತಾಯಿ ಮಗ ಇಬ್ಬರೂ ನಕ್ಕರು.

ಸಾಹೇಬರು ಬರಬೇಕಾದ ರವಿವಾರ ಬಂತು. ಬೆಳಗಾಗುವುದರೊಳಗೆ ಶಿವಲಿಂಗಪ್ಪ ಎತ್ತುಗಳ ಮೈ ತೊಳೆದು, ಕೋಡಿಗೆ ಕೆಂಪು ಬಣ್ಣ ಹಚ್ಚಿ, ತುದಿಗೆ ಹಿತ್ತಾಳೆಯ ಅಣಸು ತೊಡಿಸಿದ್ದ. ಬೆನ್ನ ಮೇಲೆ ಕನ್ನಡಿ ಕೂಡಿಸಿದ ಜೂಲು, ಕೊರಳಿಗೆ ಗೆಜ್ಜೆಸರ. ಒಳಗೆ ಹೋಳಿಗೆ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗೋಧಿ ಹುಗ್ಗಿ, ಕೆನೆಮೊಸರು. ಈರಕ್ಕ ಹೊಸ ಸೀರೆ ಉಟ್ಟಳು. ಹೊಳೆವ್ವ ಕೂಡ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬಾಗಿಲಿಗೆ ಎದುರಾಗಿ ಕೂತಳು.

ಯಾರೂ ಬರಲಿಲ್ಲ.

ಹೊತ್ತು ಏರಿತು, ಹೊತ್ತು ಇಳಿಯಿತು. ಶಿವಲಿಂಗಪ್ಪ ಚಕ್ಕಡಿ ಹೂಡಿಕೊಂಡು ಊರ ಬಾಯಿಯ ತನಕ ಹೋಗಿ ರಸ್ತೆ ನೋಡಿ ಬಂದ. ಮತ್ತೊಮ್ಮೆ ಹೋಗಿ ಬಂದ. ಮೂರನೆಯ ಸಲ ಹೊರಟಾಗ ಊರವರು, "ಏನ್ ಶಿವಲಿಂಗಣ್ಣಾ, ಎತ್ತಿಗೆ ಊರು ತೋರಸಾಕತ್ತೀಯೇನು?" ಎಂದು ಕೆಣಕಿದರು. ಅವನು ಚಕ್ಕಡಿ ಹೊರಳಿಸಿ ಮನೆಗೆ ಬಂದು, ನೊಗ ಇಳಿಸಿ, ಜೂಲು ತೆಗೆದು ಮಡಿಚಿಟ್ಟ. ಸಂಜೆಗೆ ಮಹಾದೇವಕ್ಕ ಹುಗ್ಗಿಯನ್ನೂ ಹೋಳಿಗೆಯನ್ನೂ ಓಣಿಯ ಮನೆಮನೆಗೆ ಹಂಚಿದಳು. ಹಂಚುವಾಗ ಎಲ್ಲರೂ ಕೇಳುವವರೇ: "ಸಾಹೇಬ್ರು ಬರಲಿಲ್ಲೇನವ್ವಾ?"

"ನಿನ್ನ ಮಗ..." ಎಂದು ಶುರು ಮಾಡಿದ ಶಿವಲಿಂಗಪ್ಪ ಅಲ್ಲಿಗೇ ನಿಲ್ಲಿಸಿ ಕಂಬಳಿ ಹೊದ್ದುಕೊಂಡ. ಬೈದಿದ್ದರೆ ಮಹಾದೇವಕ್ಕನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಊಟದ ಹೊತ್ತು ಮೀರಿದ ಮೇಲೆ ಊರ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು. ಧೂಳೆಬ್ಬಿಸುತ್ತ ಒಂದು ವ್ಯಾನು ಬಂದು ಅಂಗಳದ ಮುಂದೆ ನಿಂತಿತು. ಮೊದಲು ಇಳಿದವನು ಉಳವಪ್ಪ. ಅಂಗಿಗೆಲ್ಲ ಮುಳ್ಳು, ಮುಖ ಸೋತು ಸೊರಗಿತ್ತು. ನೇರ ಅವ್ವನ ಹತ್ತಿರ ಬಂದು ದನಿ ತಗ್ಗಿಸಿದ.

"ನಿನ್ನೆ ವ್ಯಾನು ಕೆಟ್ಟು ನಿಂತಿತ್ತವ್ವಾ. ಹೇಳಿ ಕಳಸಾಕ ಈ ಕಡೆ ಬರೋರು ಯಾರೂ ಸಿಗಲಿಲ್ಲ. ಇವತ್ತ ಜನವರಿ ಇಪ್ಪತ್ತಾರು, ಝೆಂಡಾ ಹಾರಿಸೂ ಸೂಟಿ, ಆಫೀಸೂ ಬಂದ್, ಇವತ್ತರ ಹೋಗೂಣು ಅಂದ್ರು ಸಾಹೇಬ್ರು."

"ಆನಿ ನೋಡಿದ್ರೇನೋ?"

"ಎಲ್ಲೀ ಆನಿ. ಕಟಗಿ ಎಳ್ಯಾಕ ಅಡವ್ಯಾಗ ಹೋಗಿದ್ದು. ಕುಳಗ್ಯಾಗ ಆನಿ ಕಟ್ಟೂ ಸರಪಳಿ ತೋರಿಸಿ ಕರಕೊಂಡು ಬಂದೆ."

"ಕ್ವಾಟಿ?"

"ಕ್ವಾಟಿ ತುಂಬ ಮುಳ್ಳು ಬೆಳದಾವು. ಕಂದಕದಾಗ ಎಮ್ಮಿ ಬಿದ್ದಿದ್ದು. ಇದನ್ನ ಯಾವ ರಾಜ ಕಟ್ಟಿಸಿದಾ ಅಂತ ಸಾಹೇಬ್ರು ಕೇಳಿದ್ರು, ನನಗ ಗೊತ್ತಾಗಲಿಲ್ಲ. ಆ ಇನ್ನೊಬ್ಬ ಬಾಯಿಯವರ ಸೀರಿ ಹರೀತು." ಅವನು ಉಗುಳು ನುಂಗಿದ. "ಇನ್ನ ನಮ್ಮನೀದೊಂದ ಉಳದೈತಿ. ಅಪ್ಪಗ ಹೇಳವ್ವಾ, ಜಲ್ದಿ ಚಕ್ಕಡಿ ಹೂಡು ಅಂತ. ಹುಡುಗ್ರು ದಾರೀಗುಂಟ ಅದನ್ನ ಕೇಳಾಕತ್ತಾರ."

ಮಹಾದೇವಕ್ಕ ಮಗನ ಮುಖವನ್ನೇ ನೋಡಿದಳು. "ಇವತ್ತ ಯಾವ ವಾರೋ ಉಳವಪ್ಪಾ?"

"ಸೋಮವಾರ" ಎಂದ ಉಳವಪ್ಪ. ಅಂದವನು ಬಾಯಿ ತೆರೆದುಕೊಂಡು ಹಾಗೆಯೇ ನಿಂತ.

ಸೋಮವಾರ ಆ ಸೀಮೆಯಲ್ಲಿ ಎತ್ತಿನ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಹೊಲಕ್ಕೆ ನೇಗಿಲಿಲ್ಲ, ದಾರಿಗೆ ಚಕ್ಕಡಿಯಿಲ್ಲ, ಎತ್ತು ತಿರುಗಿಸುವ ಕಬ್ಬಿನ ಗಾಣವೂ ನಿಂತಿರುತ್ತದೆ. ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ಆದರೆ ವರ್ಷದ ಮೇಲಾಯಿತು, ಉಳವಪ್ಪ ಕಾರ್ಖಾನೆಯ ಭೋಂಗಾ ಕೂಗಿದಾಗ ಏಳುತ್ತಿದ್ದ, ಕೂಗಿದಾಗ ಮಲಗುತ್ತಿದ್ದ. ಅವನಿಗೆ ರವಿವಾರವೊಂದು ವಾರ, ಉಳಿದವೆಲ್ಲ ಒಂದೇ ಆಗಿದ್ದವು.

ಶಿವಲಿಂಗಪ್ಪ ಬೇವಿನ ಮರದ ಕೆಳಗೆ ಎತ್ತುಗಳ ಹತ್ತಿರ ಕೂತಿದ್ದ. ಸ್ನಾನ ಮಾಡಿ ಹಣೆ ತುಂಬ ವಿಭೂತಿ ಧರಿಸಿದ್ದ. ಮಹಾದೇವಕ್ಕ ಬಾಯಿ ತೆರೆಯುವ ಮೊದಲೇ ಅಂದ: "ಕೇಳಿಸ್ತು. ನಿನ್ನ ಮಗಗ ಹೇಳು, ನಮ್ಮಪ್ಪನೂ ಸೋಮವಾರ ಹೂಡಿಲ್ಲ, ಅವರಪ್ಪನೂ ಹೂಡಿಲ್ಲ. ನಾನೂ ಹೂಡೂದಿಲ್ಲ." ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ, "ವಾರಾ ಮರ್ತಾನ. ಇಷ್ಟರಾಗ ಸೋಮವಾರಾ ಮರ್ತಾನ" ಎಂದು ಮೈಲಾರಿಯ ಕೊರಳು ತುರಿಸತೊಡಗಿದ. ಮಹಾದೇವಕ್ಕ ಹೊರಳಿ ಮಗನನ್ನು ನೋಡಿದಳು. ಇನ್ನು ಈ ಮಾತನ್ನೂ ತಾನು ಹೊರಬೇಕೆ?

ಊಟವೂ ಊಟದಂತಾಗಲಿಲ್ಲ. ಹೋಳಿಗೆ ಹುಗ್ಗಿ ನಿನ್ನೆಯೇ ಓಣಿಯ ಪಾಲಾಗಿತ್ತು. ಈರಕ್ಕ ಅವಸರದಲ್ಲಿ ಅನ್ನಕ್ಕಿಟ್ಟು, ನಿನ್ನೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆಯ ಕಟ್ಟಿನ ಸಾರು, ಮೊಸರು ಬಡಿಸಿದಳು. ಸಾಹೇಬರು ನೆಲದ ಮೇಲೆ ಕೂರಲು ಹೋಗಿ, ಕಾಲು ಮಡಚಲಾರದೆ, ಕಡೆಗೆ ಶೇಖಪ್ಪ ಮಾಸ್ತರರ ಕುರ್ಚಿಯನ್ನೇ ಹುಡುಕಿಕೊಂಡರು. ಅದನ್ನು ನೋಡಿ ಮಹಾದೇವಕ್ಕನಿಗೆ ಆ ದುಃಖದಲ್ಲೂ ಕೊಂಚ ಸಮಾಧಾನವಾಯಿತು. ಮಗನ ಕಡೆಗೊಮ್ಮೆ ನೋಡಿದಳು ಕೂಡ. ಇನ್ನೊಬ್ಬ ಅಧಿಕಾರಿಯ ಹೆಂಡತಿ ಚಟ್ನಿಯ ಖಾರಕ್ಕೆ ಕಣ್ಣೀರಿಟ್ಟು, ತಟ್ಟೆ ಬಿಟ್ಟು ವ್ಯಾನಿನಲ್ಲಿ ಹೋಗಿ ಕೂತಳು. ಸಾಹೇಬರ ಮಕ್ಕಳು, ಹುಡುಗಿಯೊಂದು ಹುಡುಗನೊಂದು, ಮೊಸರನ್ನ ತಿಂದು ಅಂಗಳಕ್ಕೆ ಓಡಿದವರು "ಬೈಲಗಾಡಿ, ಬೈಲಗಾಡಿ" ಎಂದು ಚಕ್ಕಡಿಯ ಗಾಲಿ ಹಿಡಿದುಕೊಂಡು ಕೂತರು. ಇವತ್ತು ಆಗುವುದಿಲ್ಲ ಎಂದು ತಿಳಿದಾಗ ಹುಡುಗಿ ಅಳುವುದಕ್ಕೇ ಶುರು ಮಾಡಿದಳು.

"ಒಂದು ಸುತ್ತು ಹೊಡೆದರೆ ಎತ್ತೇನು ಸವೆದುಹೋಗುತ್ತಾ?" ಎಂದ ಆ ಇನ್ನೊಬ್ಬ ಅಧಿಕಾರಿ, ಕೈ ಒರೆಸಿಕೊಳ್ಳುತ್ತ. "ಬೆಳಗಿನಿಂದ ನೋಡ್ತಿದ್ದೀನಿ. ಆನೆ ಅಂತ ಸರಪಳಿ ತೋರಿಸಿದೆ, ಕೋಟೆ ಅಂತ ಎಮ್ಮೆ ತೋರಿಸಿದೆ. ಇದೊಂದನ್ನಾದರೂ ಮಾಡಿಸಯ್ಯಾ. ನಿನ್ನ ಅಪ್ಪನೇ ತಾನೆ, ಹೇಳು ಅವನಿಗೆ."

ಎಲ್ಲರೂ ಉಳವಪ್ಪನ ಕಡೆ ನೋಡಿದರು. ಮಹಾದೇವಕ್ಕ ಮೊಸರಿನ ಗಡಿಗೆಯನ್ನು ಕೆಳಗಿಟ್ಟಳು. ಈಗ ಇವನು ಅಪ್ಪನನ್ನು ಒತ್ತಾಯ ಮಾಡಿದರೆ ಮುಗಿದೇಹೋಯಿತು, ಮುಂದಿನ ರವಿವಾರ ಇವನ ತಾಟು ಈ ಪಡಸಾಲೆಯಲ್ಲಿ ಬೀಳುವುದಿಲ್ಲ.

"ಹೇಳೂದಿಲ್ಲ ಸರ್" ಎಂದ ಉಳವಪ್ಪ. ಅವನ ಕಿವಿ ಕೆಂಪಾಗಿತ್ತು. "ನಮ್ಮಲ್ಲಿ ಸೋಮವಾರ ಎತ್ತು ಹೂಡೂದಿಲ್ಲ. ನಮ್ಮಪ್ಪಂದು ತಪ್ಪಿಲ್ಲ. ವಾರಾ ಮರತು ನಿಮ್ಮನ್ನ ಕರಕೊಂಡು ಬಂದದ್ದು ನನ್ನ ತಪ್ಪು."

ಬೇವಿನ ಮರದ ಕೆಳಗೆ ಮೈಲಾರಿಯ ಕೊರಳು ತುರಿಸುತ್ತಿದ್ದ ಕೈ ನಿಂತಿತು.

ಸಾಹೇಬರ ಹೆಂಡತಿಯ ತವರು ಬೆಳಗಾವಿ, ಕನ್ನಡ ಬರುತ್ತಿತ್ತು. ಆಕೆ ಮಗಳ ಕಣ್ಣು ಒರೆಸುತ್ತ ಶಿವಲಿಂಗಪ್ಪನ ಕಡೆ ತಿರುಗಿದಳು. "ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ, ಅಜ್ಜಾರ. ಈ ಹುಡುಗರಿಗೆ ಹುಚ್ಚು ಹಿಡಿಸ್ಯಾಂವ ನಿಮ್ಮ ಮಗಾನ. ಆಫೀಸಿನ ಕಾಗದ ತಗೊಂಡು ಬಂಗಲೇಕ್ಕ ಬಂದಾಗೆಲ್ಲಾ ನಿಮ್ಮ ಎತ್ತಿನ ಸುದ್ದೀನ. ಸಾರಂಗನ ಬಾಲದ ತುದಿ ಅಷ್ಟ ಕರಿ ಅಂತ, ಮೈಲಾರಿ ಬೆಲ್ಲಾ ಕಂಡ್ರ ಸಣ್ಣ ಕೂಸಿನಂಗ ಮಾಡ್ತಾನಂತ, ನಮ್ಮಪ್ಪ ಬಾರಕೋಲ ಮುಟ್ಟೂದಿಲ್ಲ, ನಾಲಿಗಿ ಲೊಚ್ ಅಂದ್ರ ಸಾಕು ಓಡ್ತಾವಂತ. ಕೇಳಿ ಕೇಳಿ ನನಗೂ ಬಾಯಿಪಾಠ ಆಗೇತಿ ನೋಡ್ರಿ."

ಶಿವಲಿಂಗಪ್ಪ ಎದ್ದ. ತಲೆಯ ಪಟಗ ಬಿಚ್ಚಿ ಜಾಡಿಸಿ ಮತ್ತೆ ಸುತ್ತಿಕೊಂಡ.

"ಕರಿಬಸಪ್ಪಾ, ಚಕ್ಕಡಿ ಹೊರಗ ಎಳಿ. ಜಮಖಾನಿ ಹಾಸು."

ಮಹಾದೇವಕ್ಕ ಹೌಹಾರಿದಳು. "ರೀ, ಇವತ್ತ ಸೋಮವಾರಲ್ಲರೀ!"

ಅವನು ಎತ್ತುಗಳನ್ನು ದಾಟಿ ಚಕ್ಕಡಿಯ ಮುಂದೆ ಹೋದ. ಬಾಗಿ ನೊಗವನ್ನು ಎತ್ತಿ, ಎಡಗಡೆಯ ತುದಿಗೆ ತನ್ನ ಹೆಗಲನ್ನೇ ಕೊಟ್ಟು ನಿಂತ.

"ಸೂಟಿ ಬಸವಣ್ಣಗ. ನನಗ್ಯಾರು ಸೂಟಿ ಕೊಟ್ಟಾರ? ಹುಡುಗರನ್ನ ಹತ್ತಸ್ರಿ."

"ಅಹೋ, ನಕೋ ನಕೋ!" ಎಂದು ಮರಾಠಿಯಲ್ಲಿ ಬೇಡವೆನ್ನುತ್ತ ಸಾಹೇಬರು ಗಾಬರಿಯಾಗಿ ಕುರ್ಚಿಯಿಂದೆದ್ದರು. ಅಷ್ಟರಲ್ಲಿ ಈರಕ್ಕ ಇಬ್ಬರು ಮಕ್ಕಳನ್ನೂ ಎತ್ತಿ ಚಕ್ಕಡಿಯಲ್ಲಿ ಇಟ್ಟಾಗಿತ್ತು. ಹೊಳೆವ್ವ ಕೋಲೂರಿಕೊಂಡು ಅಂಗಳಕ್ಕಿಳಿದಳು. "ನನ್ನೂ ಹತ್ತಸ್ರೆವಾ. ನನ್ನ ಮಗ ನೊಗಾ ಹೊತ್ತಾನ, ನಾ ಕುಂದ್ರಬಾರದನು? ನಿನ್ನೆಯಿಂದ ತಲಿಗೆ ಎಣ್ಣಿ ಹಚ್ಚಿ ಕಾದೇನಿ." ಬಾಯಿಯವರು ಆ ದಿನ ಮೊದಲ ಸಲ ಗಟ್ಟಿಯಾಗಿ ನಕ್ಕು, ತಾವೇ ಮುದುಕಿಯ ಕೈ ಹಿಡಿದು ಹತ್ತಿಸಿದರು.

ನೊಗದ ಬಲಗಡೆಗೆ ಕರಿಬಸಪ್ಪ ಬಂದ. ಅವನ ತೋಳು ಹಿಡಿದು ಉಳವಪ್ಪ ಪಕ್ಕಕ್ಕೆ ಸರಿಸಿದ.

"ಅಣ್ಣಾ, ನೀ ಹಿಂದ ನೂಕು. ಇದು ನಂದು."

ಬೂಟು ಕಳಚಿ ಎಸೆದ, ಪ್ಯಾಂಟು ಮೊಣಕಾಲಿನ ತನಕ ಮಡಚಿದ, ಮುಳ್ಳು ಚುಚ್ಚಿದ ಅಂಗಿಯಲ್ಲೇ ನೊಗದ ಕೆಳಗೆ ಹೆಗಲಿಟ್ಟ. ಶಿವಲಿಂಗಪ್ಪ ಓರೆಗಣ್ಣಿನಿಂದ ನೋಡಿದ. ನಾಲಿಗೆಯನ್ನು ಲೊಚ್ ಎನಿಸಿದ. ಚಕ್ಕಡಿ ಹೊರಟಿತು.

ಆ ದಿನ ಊರು ಕಂಡ ನೋಟವನ್ನು ಇವತ್ತಿಗೂ ಅಲ್ಲಿಯ ಜನ ಹೇಳಿಕೊಂಡು ನಗುತ್ತಾರೆ. ಮುಂದೆ ಅಪ್ಪ ಮಗ, ಹಿಂದೆ ನೂಕುವ ಕರಿಬಸಪ್ಪ ಮತ್ತು ವ್ಯಾನಿನ ಚಾಲಕ, ಒಳಗೆ ಜಮಖಾನೆಯ ಮೇಲೆ ಕುಣಿಯುವ ಇಬ್ಬರು ಮಕ್ಕಳು, ಅವರ ನಡುವೆ ದೇವಿಯ ಹಾಗೆ ಕೂತ ಹೊಳೆವ್ವ. ಸಾಹೇಬರು ಏನು ಮಾಡುವುದು ತಿಳಿಯದೆ ಪಕ್ಕದಲ್ಲಿ ನಡೆಯುತ್ತಿದ್ದವರು ಏರು ಬಂದಾಗ ತಾವೂ ಒಂದು ಕೈ ಹಚ್ಚಿದರು. ಇನ್ನೊಬ್ಬ ಅಧಿಕಾರಿ ಗಂಡ ಹೆಂಡತಿ ಮಾತ್ರ ವ್ಯಾನಿನ ಗಾಜು ಏರಿಸಿಕೊಂಡು ಕೂತಿದ್ದರು. ಅವರ ಪಾಲಿಗೆ ಆ ಪ್ರವಾಸ ಕಡೆಯ ತನಕ ಕೆಟ್ಟದ್ದಾಗಿಯೇ ಉಳಿಯಿತು. ಬೇವಿನ ಮರದ ಕೆಳಗೆ ಸಾರಂಗ ಮೈಲಾರಿ ಮೆಲುಕು ಹಾಕುತ್ತ ತಮ್ಮ ಕೆಲಸವನ್ನು ಬೇರೆಯವರು ಮಾಡುವುದನ್ನು ನೋಡಿದವು.

ಮಹಾದೇವಕ್ಕ ಗಂಡನ ಪಕ್ಕದಲ್ಲೇ ಬಿರಬಿರನೆ ನಡೆಯುತ್ತಿದ್ದಳು. ಅವನಿಗೆ ಏದುಸಿರು ಬರುತ್ತಿತ್ತು; ನಿಲ್ಲಿಸಿರೆಂದರೆ ನಿಲ್ಲುವವನಲ್ಲ. ಬಸವಣ್ಣನ ಗುಡಿಯ ಹತ್ತಿರ ದಾರಿ ತಿರುಗುವಲ್ಲಿ ಚಕ್ಕಡಿ ಒಂದು ಕಡೆಗೆ ವಾಲಿತು. ಮಕ್ಕಳು ಕಿರುಚಿದರು.

"ಅಷ್ಟು ಒತ್ತಬ್ಯಾಡ" ಎಂದ ಶಿವಲಿಂಗಪ್ಪ, ಮುಂದಿನ ದಾರಿಯನ್ನೇ ನೋಡುತ್ತ. "ಮೈಲಾರಿ ಕಡೀದು ಅದು. ತಿರುವಿನ್ಯಾಗ ಅಲ್ಲಿ ಸಡ್ಲ ಬಿಡಬೇಕು."

ವರ್ಷದ ರೂಢಿ ನೋಡಿ. ಮಹಾದೇವಕ್ಕ ತನಗರಿವಿಲ್ಲದೆ ಆ ಕಡೆಗೆ ಓಡಿ ಮಗನಿಗೆ ಹೇಳಿದಳು: "ಉಳವಪ್ಪಾ, ಅಷ್ಟು ಒತ್ತಬ್ಯಾಡಂತ ನಿಮ್ಮಪ್ಪ ಹೇಳಾಕತ್ತಾನ, ತಿರುವಿನ್ಯಾಗ ಸಡ್ಲ..."

"ಏ, ನೀ ಯಾಕ ನಡುವ ಬರ್ತಿ?" ಎಂದು ಶಿವಲಿಂಗಪ್ಪ ನೊಗದ ಕೆಳಗಿನಿಂದಲೇ ಗದರಿದ. "ನನ್ನ ಮಗನ ಜೋಡಿ ನಾ ಮಾತಾಡಾಕತ್ತೇನಿ."

ಮಹಾದೇವಕ್ಕ ನಿಂತಲ್ಲೇ ನಿಂತಳು. ಚಕ್ಕಡಿ ಅವಳನ್ನು ದಾಟಿ ಗುಡಿಯನ್ನು ಸುತ್ತು ಹಾಕಿತು. ಕಣ್ಣು ತುಂಬಿಕೊಂಡಿದ್ದರಿಂದ ಅವಳಿಗೆ ಸರಿಯಾಗಿ ಕಾಣಿಸಲಿಲ್ಲ. ಕೇಳಿಸಿತು ಮಾತ್ರ.

"ಸಡ್ಲ ಬಿಟ್ಟೆ ಅಪ್ಪಾ. ಈಗ ಹೆಂಗ?"

"ಈಗ ಛಲೋ ಆತು. ಮುಂದಿನ ಸಲ ರವಿವಾರ ಕರಕೊಂಡು ಬಾ."

ಇನ್ನು ಅವಳು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಮಹಾದೇವಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ರಾತ್ರಿಗೆ ಉಳವಪ್ಪನನ್ನು ನಿಲ್ಲಿಸಿಕೊಂಡು ಹೋಳಿಗೆ ಮಾಡಬೇಕೆಂದುಕೊಂಡು, ಬರಿಗೈಯಲ್ಲಿ ಮನೆಯ ಕಡೆ ನಡೆದಳು.